ಅತ್ತೆಯ ಮಂಚದ ಮೇಲಿನ ಮರ

"ಒಂದು ತುಂಡನ್ನೂ ಎಸೆಯಲ್ಲ. ಒಂದು ತುಂಡೂ ನೆಲಕ್ಕೆ ತಾಗಲ್ಲ. ಆದ್ರೂ ಕೋಣೆ ಖಾಲಿ ಆಗತ್ತೆ. ನೋಡ್ತಾ ಇರು," ಎಂದು ಕಾಂಪೌಂಡರು ತೊಳೆದ ಕೈ ಝಾಡಿಸುತ್ತ ಘೋಷಿಸಿದರು. ಕೋಟೆ ಗೆಲ್ಲಲು ಹೊರಟ ಸೇನಾಪತಿಯ ಗತ್ತು ಆ ಮಾತಿಗಿತ್ತು. ಕೇಳಿಸಿಕೊಳ್ಳಲು ಇದ್ದ ಸೇನೆ ಹೆಂಡತಿ ಒಬ್ಬರೇ. ಅವರೂ ಪಾತ್ರೆ ಎತ್ತುವ ಗಡಿಬಿಡಿಯಲ್ಲಿದ್ದರು.

"ಅಮ್ಮನ್ನ ಶನಿವಾರ ಆಸ್ಪತ್ರೆಯಿಂದ ಕಳಿಸ್ತಾರಂತೆ. ನೀವು ಯುದ್ಧ ಗೆಲ್ಲೋದೇನೂ ಬೇಡ, ಒಂದು ಮಂಚ ಹಿಡಿಸೋ ಅಷ್ಟು ಜಾಗ ಮಾಡಿಕೊಡಿ, ಸಾಕು," ಎಂದರು ಹೆಂಡತಿ.

ಕಾಂಪೌಂಡರು ಈಗ ಕಾಂಪೌಂಡರಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಜೀವಮಾನ ಕಳೆದು ನಿವೃತ್ತರಾದವರು. ಕೆಲಸ ಹೋದರೂ ಹೆಸರು ಉಳಿದಿತ್ತು. ಹಾಲು ಹಾಕುವವನಿಂದ ಹಿಡಿದು ಸ್ವಂತ ಭಾವಮೈದುನನವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ನಿವೃತ್ತಿಯ ಮಾರನೆಯ ದಿನವೇ ಅವರಿಗೆ ಮರಗೆಲಸದ ಹುಚ್ಚು ಹಿಡಿಯಿತು. ಅಡುಗೆಮನೆಯ ಪಕ್ಕದ ಕೋಣೆಗೆ ಗರಗಸ, ಉಳಿ, ಸುತ್ತಿಗೆ ಬಂದು ಸೇರಿದವು. ಮೊದಲಿಗೆ ಒಂದು ಸ್ಟೂಲು ತಯಾರಾಯಿತು. ಅದರ ನಾಲ್ಕು ಕಾಲುಗಳು ಒಟ್ಟಿಗೆ ನೆಲ ಮುಟ್ಟಿದ್ದನ್ನು ಮನೆಯಲ್ಲಿ ಯಾರೂ ಕಂಡಿಲ್ಲ. ಆಮೇಲೆ ತಯಾರಿಕೆ ಕಡಿಮೆಯಾಗಿ ಸಂಗ್ರಹ ಜಾಸ್ತಿಯಾಯಿತು. ಕೆಡವಿದ ಶಾಲೆಯ ಬಾಗಿಲ ಚೌಕಟ್ಟು, ಮನೆ ಬದಲಿಸಿದವರು ಬಿಟ್ಟುಹೋದ ಪೆಟ್ಟಿಗೆಯ ಹಲಗೆ, ಯಾರದೋ ಮುರಿದ ಮಂಚದ ಕಾಲು, ಮರದ ಮಿಲ್ಲಿನ ಹಿಂದೆ ಬಿದ್ದಿದ್ದ ತುಂಡುಗಳು, ಆ ತುಂಡುಗಳನ್ನು ಕೊಯ್ದಾಗ ಉಳಿದ ಚೂರುಗಳು, ಎಲ್ಲವೂ ಕೋಣೆಗೆ ಬಂದವು. ಬೆರಳುದ್ದದ ಚೂರನ್ನು ಕಸದ ಬುಟ್ಟಿಗೆ ಹಾಕಿದರೂ ಕಾಂಪೌಂಡರು ಅದನ್ನು ಹೆಕ್ಕಿ, ಒರೆಸಿ, "ಇದು ಮುಂದೆ ಬೇಕಾಗತ್ತೆ," ಎನ್ನುತ್ತಿದ್ದರು.

"ಮರ ಅಂದ್ರೆ ಮರುಳು ನಿಮಗೆ," ಎಂದು ಹೆಂಡತಿ ಆಗಾಗ ಹೇಳುತ್ತಿದ್ದರು. ಮೊದಮೊದಲು ನಗುತ್ತ ಹೇಳುತ್ತಿದ್ದ ಆ ಮಾತನ್ನು ಬರಬರುತ್ತ ನಗದೇ ಹೇಳತೊಡಗಿದರು.

ಈಗ ಅತ್ತೆ ಬರುವವರಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅವರು ಇಷ್ಟು ದಿನ ಇದ್ದದ್ದು ಮಗನ ಜೊತೆಗೆ. ಆದರೆ ಮಗನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹಾಗಾಗಿ ಮಗಳ ಮನೆಗೇ ಬರಬೇಕಾಯಿತು. ಅತ್ತೆಯ ಬಗ್ಗೆ ಕಾಂಪೌಂಡರಿಗೆ ಗೌರವವಿತ್ತು, ಗೌರವಕ್ಕಿಂತ ತುಸು ಹೆಚ್ಚು ಭಯವಿತ್ತು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಎತ್ತಿದರೆ ಜಗಲಿಯಿಂದಲೇ "ಯಾರದು?" ಎಂದು ಕೇಳುವಂಥ ಕಿವಿ ಅತ್ತೆಯದು.

ಕಾಂಪೌಂಡರ ಉಪಾಯ ಸರಳವಾಗಿತ್ತು. ನೆಲದಲ್ಲಿದ್ದದ್ದನ್ನೆಲ್ಲ ಗೋಡೆಗೇರಿಸುವುದು. ಶಾಲೆಯ ಚೌಕಟ್ಟಿನ ದಪ್ಪ ಕಂಬಗಳನ್ನು ಗೋಡೆಗೆ ನಿಲ್ಲಿಸಿ, ಅವಕ್ಕೆ ತೋಳುಗಳಂತೆ ಮರದ ಪಟ್ಟಿ ಜೋಡಿಸಿ, ಆಳೆತ್ತರದಿಂದ ಸೂರಿನವರೆಗೆ ಅಟ್ಟದ ಮೇಲೆ ಅಟ್ಟ ಕಟ್ಟಿದರು. ಉದ್ದದ ಹಲಗೆಗಳು ಮೇಲೆ, ಪಟ್ಟಿಗಳು ನಡುವೆ, ತುಂಡುಗಳು ಹಳೆಯ ಔಷಧಿ ಡಬ್ಬಗಳಲ್ಲಿ ಕೆಳಗೆ. ಡಬ್ಬಗಳಿಗೆ ಚೀಟಿಗಳೂ ಬಂದವು. ಒಂದರ ಮೇಲೆ 'ಖಂಡಿತ ಬೇಕಾಗುವವು', ಇನ್ನೊಂದರ ಮೇಲೆ 'ಬೇಕಾದರೂ ಬೇಕಾಗಬಹುದು', ಎಲ್ಲಕ್ಕಿಂತ ದೊಡ್ಡ ಡಬ್ಬದ ಮೇಲೆ 'ಯಾತಕ್ಕೆಂದು ಇನ್ನೂ ತಿಳಿದಿಲ್ಲ'.

ಶುಕ್ರವಾರ ಸಂಜೆ ಹೆಂಡತಿ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದರು. ನೆಲ ನಿಜಕ್ಕೂ ಖಾಲಿಯಾಗಿತ್ತು. ಅವರ ಮುಖ ಮಾತ್ರ ಅರಳಲಿಲ್ಲ.

"ಇದರ ಕೆಳಗೆ ಅಮ್ಮ ಮಲಗಬೇಕಾ?"

"ಯಾಕೆ? ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟ್ಲಿ ತಲೆ ಮೇಲೆ ನೇತಾಡಲ್ವಾ?"

"ಬಾಟ್ಲಿ ಬಿದ್ರೆ ಬಟ್ಟೆ ಒದ್ದೆ ಆಗತ್ತೆ ಅಷ್ಟೇ. ಇದು ಬಿದ್ರೆ?"

ಕಾಂಪೌಂಡರು ಅಟ್ಟದ ಒಂದು ತೋಳನ್ನು ಎರಡೂ ಕೈಯಿಂದ ಹಿಡಿದು ಬಾವಲಿಯ ಹಾಗೆ ಜೋತುಬಿದ್ದರು. ತೋಳು ಅಲ್ಲಾಡಲಿಲ್ಲ. ಹೆಂಡತಿ ನಿಟ್ಟುಸಿರು ಬಿಟ್ಟು ಹಾಸಿಗೆ ತರಲು ಹೋದರು.

ಅತ್ತೆ ಬಂದರು. ಬಾಡಿಗೆಗೆ ತಂದ ಕಬ್ಬಿಣದ ಮಂಚದ ಮೇಲೆ ಮಲಗಿ, ಬಹಳ ಹೊತ್ತು ಮೇಲೇ ನೋಡಿ, ಕೊನೆಗೆ ಹೇಳಿದರು:

"ಅಳಿಯಂದ್ರೇ, ಕಟ್ಟಿಗೆಯೆಲ್ಲ ಮುಂಚೇನೇ ತಂದಿಟ್ಟಿದ್ದೀರಿ. ಇನ್ನೂ ಅವಸರ ಇಲ್ಲ ಅಂತ ಡಾಕ್ಟ್ರು ಹೇಳಿದಾರಲ್ಲ."

ಹಾಗೆ ಮಾತಾಡುತ್ತಿದ್ದ ಅತ್ತೆ ನಡೆಯುವ ವಿಷಯ ಬಂದರೆ ಮಾತ್ರ ಮಗುವಿನಂತಾಗುತ್ತಿದ್ದರು. ಮೂಳೆ ಕೂಡಿದೆ, ದಿನಾ ನಾಲ್ಕು ಹೆಜ್ಜೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಕಾಲು ಕೆಳಗಿಡುವ ಮೊದಲೇ ಅತ್ತೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. "ಇವತ್ತು ಬೇಡ ಕಣೇ, ನಾಳೆ," ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

ಕೆಲವು ವಾರಗಳ ಬಳಿಕ ಒಂದು ಬೆಳಿಗ್ಗೆ ಅತ್ತೆ, "ಈ ಕೋಣೆಯಲ್ಲಿ ಏನೋ ಅಗೀತಾ ಇದೆ," ಎಂದರು.

"ಇಲಿ ಇರಬೇಕು," ಎಂದರು ಮಗಳು.

"ಇಲಿ ಅಲ್ಲ. ಇಲಿ ಓಡಾಡತ್ತೆ. ಇದು ಕೂತಲ್ಲೇ ಕೂತು ಅಗಿಯತ್ತೆ. ಕರಕರ ಅಂತ. ನಿಲ್ಸತ್ತೆ. ಮತ್ತೆ ಕರಕರ."

ಹೆಂಡತಿ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ಕಾಂಪೌಂಡರು ಕಿವಿಗೊಡುವ ಗೋಜಿಗೇ ಹೋಗದೆ, "ನೋವಿನ ಮಾತ್ರೆಗೆ ಒಮ್ಮೊಮ್ಮೆ ಕಿವಿಯಲ್ಲಿ ಸದ್ದು ಬರತ್ತೆ," ಎಂದು ವೃತ್ತಿಯ ಗಾಂಭೀರ್ಯದಿಂದ ತೀರ್ಪು ಕೊಟ್ಟರು. ಅತ್ತೆ ಬಿಡಲಿಲ್ಲ. ಅಂದು ಕೇಳಿತು, ಮರುದಿನ ಕೇಳಿತು, ಮಾತಾಡಿಸಲು ಬಂದ ಮಗನಿಗೂ ಹೇಳಿದರು. ಮಗ ಅಕ್ಕನನ್ನು ಹೊರಗೆ ಕರೆದು, "ಅಮ್ಮನಿಗೆ ವಯಸ್ಸಾಯ್ತು," ಎಂದು ಪಿಸುಗುಟ್ಟಿದ. ಅತ್ತೆಯ ಕಿವಿಗೆ ಅದೂ ಕೇಳಿಸಿತು.

"ಅಳಿಯಂದ್ರೇ," ಎಂದರು ಅವರು ಸಂಜೆ, ಮಗಳು ತರಕಾರಿಗೆ ಹೋಗಿದ್ದಾಗ. "ನಿಮ್ಮ ಹತ್ರ ಎದೆ ನೋಡೋ ಕೊಳವೆ ಇದೆಯಲ್ಲ, ಅದನ್ನ ಆ ಮರಕ್ಕಿಟ್ಟು ನೋಡಿ. ನನಗೋಸ್ಕರ."

ನಿವೃತ್ತಿಯ ದಿನ ಆಸ್ಪತ್ರೆಯವರು ನೆನಪಿಗೆಂದು ಕೊಟ್ಟ ಸ್ಟೆತಸ್ಕೋಪ್ ಕಪಾಟಿನಲ್ಲಿತ್ತು. ಅತ್ತೆಯ ಸಮಾಧಾನಕ್ಕಾಗಲಿ ಎಂದು ಕಾಂಪೌಂಡರು ಅದನ್ನು ಕಿವಿಗೆ ಸಿಕ್ಕಿಸಿ, ತಾವೇ ಮಾಡಿದ ಓಲಾಡುವ ಸ್ಟೂಲು ಹತ್ತಿ, ಶಾಲೆಯ ಕಂಬದ ಎದೆಗೆ ಒತ್ತಿದರು.

ಕರಕರ.

ಅವರು ಕೈ ಸರಿಸಿ ಇನ್ನೊಂದು ಕಡೆ ಇಟ್ಟರು. ಅಲ್ಲಿಯೂ ಕರಕರ. ಪಟ್ಟಿಗಿಟ್ಟರು, ಹಲಗೆಗಿಟ್ಟರು. ಒಂದೊಂದರ ಹೊಟ್ಟೆಯೊಳಗೂ ಯಾರೋ ನಿಧಾನವಾಗಿ, ನಿಶ್ಚಿಂತೆಯಿಂದ ಊಟ ಮಾಡುತ್ತಿದ್ದರು. ಆಗ ಅವರ ಕಣ್ಣಿಗೆ ಕಂಬದ ಮೈಮೇಲಿನ ಸೂಜಿತೂತುಗಳು ಬಿದ್ದವು. ಅಟ್ಟದ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಕೂತಿತ್ತು. ಅತ್ತೆಯ ದಿಂಬಿನ ಮೇಲೆ ದಿನಾ ಬೆಳಿಗ್ಗೆ ಕಾಣುತ್ತಿದ್ದ, ಎಲ್ಲರೂ ಪೌಡರೆಂದು ಕೊಡವುತ್ತಿದ್ದ ಬಿಳಿ ಧೂಳು ಏನೆಂದು ಆಗ ತಿಳಿಯಿತು. ಮರಕ್ಕೆ ಕುಟ್ಟೆ ಹಿಡಿದಿತ್ತು. ಹುಳು ಒಳಗೊಳಗೇ ಕೊರೆದು ಎಲ್ಲವನ್ನೂ ಪುಡಿ ಮಾಡುತ್ತಿತ್ತು.

ಕಾಂಪೌಂಡರು ಕೊಳವೆಯನ್ನು ಕಿವಿಯಿಂದ ತೆಗೆದರು. ಕುಟ್ಟೆ ಎಂದು ಬಾಯಿ ಬಿಟ್ಟರೆ ಹೆಂಡತಿ ಒಂದು ಚೂರನ್ನೂ ಮನೆಯಲ್ಲಿ ಉಳಿಸುವುದಿಲ್ಲ. ಇಷ್ಟು ವರ್ಷದ ಸಂಗ್ರಹ, ಇಷ್ಟು ಚೆಂದದ ಅಟ್ಟ, ಅಷ್ಟು ದೊಡ್ಡ ಘೋಷಣೆ. ಕೆಳಗೆ ಅತ್ತೆ ಕತ್ತು ನೀಡಿ ಕಾಯುತ್ತಿದ್ದರು.

"ಏನು ಕೇಳಿಸ್ತು?"

"ಏನೂ ಕೇಳಿಸ್ತಿಲ್ಲ ಅತ್ತೆ," ಎಂದರು ಕಾಂಪೌಂಡರು.

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಕೊಳವೆಯಿಟ್ಟು ನೋಡಿದರೂ ಏನೂ ಇಲ್ಲವೆಂದು ಗಂಡನೇ ಹೇಳಿದ ಮೇಲೆ ಸದ್ದು ಅಮ್ಮನ ತಲೆಯಲ್ಲೇ ಇದೆ ಎಂದು ಹೆಂಡತಿಗೆ ಖಾತ್ರಿಯಾಯಿತು. ಅಳುತ್ತಲೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಬಂದು, ಇವತ್ತು ಯಾವ ವಾರ, ಈ ಮನೆ ಯಾರದು ಎಂದೆಲ್ಲ ಕೇಳಿದರು. ಅತ್ತೆ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ, ಕೊನೆಗೆ, "ನೀವೂ ಒಂದ್ಸಲ ಕಿವಿಗೊಟ್ಟು ಕೇಳಿ," ಎಂದರು. ಡಾಕ್ಟರು ಕರುಣೆಯಿಂದ ನಕ್ಕು, ಇಲ್ಲದ ಸದ್ದು ಕೇಳಿಸುವವರಿಗೆ ಕೊಡುವ ಮಾತ್ರೆ ಬರೆದುಕೊಟ್ಟರು. ಮಾತ್ರೆ ತಂದವರು ಕಾಂಪೌಂಡರೇ. ಚೀಟಿಯನ್ನು ಎರಡೆರಡು ಸಲ ಓದಿದರು. ಹುಳು ಬೇಗ ಸತ್ತರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಅತ್ತೆಯ ದೂರೂ ನಿಲ್ಲುತ್ತದೆ, ಆಗ ಮಾತ್ರೆಯನ್ನೂ ನಿಲ್ಲಿಸಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮರುದಿನದಿಂದ ಹುಳುಗಳಿಗೆ ಚಿಕಿತ್ಸೆ ಶುರುವಾಯಿತು. ಹೆಂಡತಿ ಮನೆಯಲ್ಲಿಲ್ಲದಾಗ, ಅತ್ತೆ ಮಾತ್ರೆಯ ಮಂಪರಿನಲ್ಲಿರುವಾಗ ಕಾಂಪೌಂಡರು ಸಿರಿಂಜಿಗೆ ಸೀಮೆಎಣ್ಣೆ ತುಂಬಿ, ಸ್ಟೂಲು ಹತ್ತಿ, ಒಂದೊಂದು ತೂತಿಗೂ ಚುಚ್ಚುತ್ತಿದ್ದರು. ಎಷ್ಟೋ ಜನಕ್ಕೆ ಇಂಜೆಕ್ಷನ್ ಕೊಟ್ಟ ಕೈ ಅದು. ಇಷ್ಟು ಶಾಂತವಾಗಿ ಚುಚ್ಚಿಸಿಕೊಂಡ ರೋಗಿಗಳನ್ನು ಅವರು ನೋಡಿರಲಿಲ್ಲ. ಒಂದೇ ತೊಂದರೆಯೆಂದರೆ ಒಂದು ತೂತಿಗೆ ಚುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಕಾಣುತ್ತಿತ್ತು.

ಆ ಮಂಪರಿನಲ್ಲೇ ಅತ್ತೆ, "ಸೀಮೆಎಣ್ಣೆ ವಾಸನೆ ಬರ್ತಿದೆ," ಎಂದು ಮಗಳಿಗೆ ಹೇಳಿದರು. ಮಗಳ ಮೂಗು ಹಳೆಯ ನೆಗಡಿಯಿಂದಾಗಿ ಎಂದೋ ರಜೆ ಹಾಕಿತ್ತು. ಅವರು ಗಂಡನನ್ನು ಕೇಳಿದರು.

"ನಿಮಗೇನಾದ್ರೂ ವಾಸನೆ ಬರ್ತಿದೆಯಾ?"

"ಇಲ್ಲವಲ್ಲ," ಎಂದರು ಕಾಂಪೌಂಡರು. ಒಂದು ಸುಳ್ಳಿಗೆ ಜೊತೆ ಬೇಕಾಗಿತ್ತು, ಸಿಕ್ಕಿತು.

ಹೆಂಡತಿ ಡಾಕ್ಟರಿಗೆ ಫೋನು ಮಾಡಿದರು. "ಮೊದ್ಲು ಸದ್ದು ಮಾತ್ರ ಇತ್ತು ಡಾಕ್ಟ್ರೇ. ಈಗ ವಾಸನೆ ಬೇರೆ." ಡಾಕ್ಟರು ಮಾತ್ರೆಯನ್ನು ಎರಡು ಹೊತ್ತಿಗೆ ಏರಿಸಿದರು.

ಆಮೇಲೆ ಅತ್ತೆ ದೂರುವುದನ್ನು ಬಿಟ್ಟರು. ದೂರುವುದನ್ನಷ್ಟೇ ಅಲ್ಲ, ಎಲ್ಲವನ್ನೂ ಬಿಟ್ಟರು. ಸಕ್ಕರೆ ಡಬ್ಬಿಯ ಮುಚ್ಚಳ ಬಿದ್ದು ಉರುಳಿದರೂ ಯಾರೆಂದು ಕೇಳಲಿಲ್ಲ. ಚಮಚದಲ್ಲಿ ಗಂಜಿ ಕೊಟ್ಟರೆ ಬಾಯಿ ತೆರೆಯುತ್ತಿದ್ದರು, ನುಂಗಲು ಮರೆಯುತ್ತಿದ್ದರು. ಒಂದು ಮಧ್ಯಾಹ್ನ ಹೆಂಡತಿ ಅಮ್ಮನ ಕೂದಲು ಬಾಚುತ್ತ, "ನಾನ್ಯಾರು ಹೇಳಮ್ಮ," ಎಂದು ಕೇಳುವುದು ಕಾಂಪೌಂಡರಿಗೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ಅತ್ತೆ, "ಅಕ್ಕಾ," ಎಂದರು. ಅವರ ಅಕ್ಕ ತೀರಿಕೊಂಡು ಯಾವ ಕಾಲವಾಗಿತ್ತೋ. ಹೆಂಡತಿ ಬಾಚುತ್ತಲೇ ಇದ್ದರು. ಹೊರಗೆ ನಿಂತಿದ್ದ ಕಾಂಪೌಂಡರಿಗೆ ಒಳಗೆ ಹೋಗಿ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಹೊಸ್ತಿಲು ದಾಟಲಿಲ್ಲ. ಆ ದಿನ ಅವರಿಗೆ ಊಟ ಸೇರಲಿಲ್ಲ. ಆದರೂ ಹೆಂಡತಿ ಆಚೆ ಹೋದ ಕೂಡಲೇ ಸಿರಿಂಜು ಹಿಡಿದು ಮತ್ತೆ ಸ್ಟೂಲು ಹತ್ತಿದರು. ಇನ್ನು ಸ್ವಲ್ಪವೇ ಇದೆ, ಈ ಕಂಬವೊಂದು ಮುಗಿದರೆ ಸಾಕು ಎಂದುಕೊಳ್ಳುತ್ತ.

ಅದು ನಡೆದದ್ದು ಒಂದು ಬೆಳಿಗ್ಗೆ. ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಬೆಳಗಿನ ಮಾತ್ರೆ ಇನ್ನೂ ಕೊಟ್ಟಿರಲಿಲ್ಲ. ಕಾಂಪೌಂಡರು ಕಂಬದ ತುದಿಯ ತೂತಿಗೆ ನಿಲುಕಲೆಂದು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತರು. ಸ್ಟೂಲು ತನ್ನ ಅಭ್ಯಾಸದಂತೆ ಓಲಾಡಿತು. ಅವರು ಆಸರೆಗೆ ಅಟ್ಟದ ತೋಳು ಹಿಡಿದರು. ಹಿಂದೆ ಬಾವಲಿಯಂತೆ ನೇತಾಡಿದ್ದು ಅದೇ ತೋಳಿಗೆ. ಈ ಸಲ ಅದು ಬಿಸ್ಕತ್ತಿನಂತೆ ಮೆತ್ತಗೆ ಒಳಗೆ ಕುಸಿಯಿತು.

"ಅಳಿಯಂದ್ರೇ."

ಅವರು ತಿರುಗಿ ನೋಡಿದರು. ಅತ್ತೆ ಎದ್ದು ಕೂತಿದ್ದರು. ಕಣ್ಣು ಪೂರ್ತಿ ತೆರೆದಿತ್ತು.

"ಕಂಬ ಸೀಳ್ತಾ ಇದೆ. ಕೆಳಗಿಳೀರಿ."

"ಏನಿಲ್ಲ ಅತ್ತೆ, ನೀವು ಮಲ—"

"ಇಳೀರಿ ಅಂದೆ."

ಕಾಂಪೌಂಡರು ಇಳಿದರು. ಇಳಿಯುವುದರೊಳಗೆ ಅತ್ತೆ ಮಂಚ ಬಿಟ್ಟು ನಿಂತಿದ್ದರು. ಆಪರೇಷನ್ ಆದಂದಿನಿಂದ ನೆಲಕ್ಕೆ ಕಾಲೂರದವರು ಗೋಡೆ ಹಿಡಿದು ಬಾಗಿಲು ಸೇರಿ, ಅಲ್ಲಿಂದ ತಿರುಗಿ, "ನಿಂತೇ ಇದ್ದೀರಲ್ಲ, ಮಂಚದಡಿಗೆ ಹೋಗಿ," ಎಂದು ಗದರಿದರು. ಕಾಂಪೌಂಡರು ಸಿರಿಂಜು ಹಿಡಿದೇ ಮಂಚದ ಕೆಳಗೆ ತೂರಿದರು. ಆಮೇಲೆ ಮೇಲಿನದೆಲ್ಲ ಕೆಳಗಿಳಿಯಿತು. ಮೊದಲು ಹಲಗೆಗಳು, ಅವುಗಳ ಹಿಂದೆ ಪಟ್ಟಿಗಳು, ಕೊನೆಗೆ ಡಬ್ಬಗಳು. ಖಂಡಿತ ಬೇಕಾಗುವವೂ ಬಿದ್ದವು, ಯಾತಕ್ಕೆಂದು ತಿಳಿಯದವೂ ಬಿದ್ದವು. ಕೋಣೆಯ ತುಂಬ ಹಿಟ್ಟಿನ ಮೋಡ ಎದ್ದಿತು.

ಹೆಂಡತಿ ಒದ್ದೆ ಬಟ್ಟೆ ಬಿಸಾಡಿ ಓಡಿ ಬಂದರು. ಮಂಚ ಕಾಣುತ್ತಿರಲಿಲ್ಲ, ಮರದ ರಾಶಿ ಮಾತ್ರ ಕಾಣುತ್ತಿತ್ತು. ಅವರು "ಅಮ್ಮಾ" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಬಂದರು. ಎರಡೂ ಕೈಯಿಂದ ಹಲಗೆಗಳನ್ನು ಕಿತ್ತೆಸೆಯುತ್ತ, ಬೆರಳಿಗೆ ಮೊಳೆ ತಾಗಿ ರಕ್ತ ಬಂದರೂ ಗಮನಿಸದೆ, ಹೆಂಡತಿ ಅಮ್ಮನನ್ನು ಹುಡುಕಿದರು. ಸಿಕ್ಕಿದ್ದು ಮಂಚದ ಕೆಳಗಿದ್ದ ಗಂಡ. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಕೈಯಲ್ಲಿ ಸಿರಿಂಜು ಹಿಡಿದು, ಮಗುಚಿ ಬಿದ್ದ ಜಿರಳೆಯಂತಿದ್ದರು.

"ಅಮ್ಮ ಎಲ್ಲಿ?"

"ಇಲ್ಲಿದ್ದೀನಿ ಕಣೇ," ಎಂಬ ದನಿ ಅಡುಗೆಮನೆಯಿಂದ ಬಂತು. ಅತ್ತೆ ಒಲೆಯ ಪಕ್ಕ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಹೆಂಡತಿ ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟರು. ಸಾಕಷ್ಟು ಅತ್ತ ಮೇಲೆ ಎದ್ದು ಬಂದು, ಮುರಿದ ಕಂಬದ ಒಂದು ತುಂಡು ಎತ್ತಿದರು. ಒಳಗೆ ಜೇನುಗೂಡಿನಂತೆ ಬರೀ ತೂತು. ಅಲ್ಲಾಡಿಸಿದರೆ ಪುಡಿ ಸುರಿಯಿತು. ಮೂಗಿನ ಹತ್ತಿರ ತಂದಾಗ, ರಜೆಯಲ್ಲಿದ್ದ ಮೂಗಿಗೂ ಸೀಮೆಎಣ್ಣೆ ತಾಗಿತು.

"ನೀವು ಕೊಳವೆ ಇಟ್ಟು ಕೇಳಿದ್ರಲ್ಲ?"

"ಕೇಳ್ದೆ."

"ಏನು ಕೇಳಿಸ್ತು?"

ಕಾಂಪೌಂಡರು ಕೈಯಲ್ಲಿದ್ದ ಸಿರಿಂಜನ್ನು ಹೆಂಡತಿಯ ಕಡೆ ಚಾಚಿದರು. ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಕಾಂಪೌಂಡರಿಗೆ ಆಮೇಲೆ ಎಷ್ಟೋ ಸಲ ಅನಿಸಿತು. ಅವರು ಒಳಗೆ ಹೋಗಿ ಮಾತ್ರೆಯ ಪೊಟ್ಟಣ ತಂದು ಗಂಡನ ಮುಂದಿಟ್ಟರು.

"ಇದು ಇಲ್ಲದ ಸದ್ದು ಕೇಳಿಸೋರಿಗೆ ಕೊಡೋದು. ಇರೋ ಸದ್ದು ಕೇಳಿಸಲ್ಲ ಅನ್ನೋರಿಗೆ ಏನು ಕೊಡ್ತಾರೆ ಅಂತ ನಿಮ್ಮ ಆಸ್ಪತ್ರೆಯಲ್ಲೇ ವಿಚಾರಿಸಿಕೊಂಡು ಬನ್ನಿ."

ಕಾಂಪೌಂಡರು ಆ ದಿನವೇ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ತಮ್ಮ ಬಾಯಿಂದಲೇ ಹೇಳಿದರು. ಡಾಕ್ಟರು ಈ ಸಲ ನಗಲಿಲ್ಲ. ಮಾತ್ರೆ ನಿಂತಿತು. ಅತ್ತೆಯ ಮಂಚ ಹಾಲ್‌ಗೆ ಬಂತು. ಅತ್ತೆ ಸ್ವಲ್ಪಸ್ವಲ್ಪವಾಗಿ ಮರಳಿದರು. ಮೊದಲು ಊಟದ ರುಚಿ ಬಂತು, ಆಮೇಲೆ ಮಗಳ ಹೆಸರು, ಕೊನೆಗೆ ಸಕ್ಕರೆ ಡಬ್ಬಿಯ ಸದ್ದು. ನಡುವೆ ಕಳೆದ ವಾರಗಳು ಮಾತ್ರ ಬರಲಿಲ್ಲ. ಆಗ ಮಗ ಬಂದು ಪಕ್ಕದಲ್ಲಿ ಕೂತಿದ್ದದ್ದು, ಮೊಮ್ಮಗಳು ಊರಿಂದ ಬಂದು ಕೈ ಹಿಡಿದು ಹೋದದ್ದು ಒಂದೂ ಅವರಿಗೆ ನೆನಪಿರಲಿಲ್ಲ. "ಬಂದಿದ್ಳಾ? ನಾನೇನಾದ್ರೂ ಮಾತಾಡಿದ್ನಾ?" ಎಂದು ಅವರು ಕೇಳುವಾಗ ಕಾಂಪೌಂಡರು ಎದ್ದು ಆಚೆ ಹೋಗುತ್ತಿದ್ದರು. ಹೆಂಡತಿ ಗಂಡನೊಂದಿಗೆ 'ಊಟಕ್ಕೆ ಬನ್ನಿ', 'ಬಾಗಿಲು ಹಾಕಿ' ಎಂಬಷ್ಟೇ ಮಾತಾಡುತ್ತಿದ್ದರು.

ಮರವನ್ನು ಒಲೆಯ ಸೌದೆಗೆಂದು ಒಯ್ಯಲು ಬೇಕರಿಯವನು ಗಾಡಿ ತರುವುದೆಂದಾಯಿತು. ಅದರ ಹಿಂದಿನ ದಿನ ಅತ್ತೆ ಕರೆದರು.

"ಅಳಿಯಂದ್ರೇ, ಎಷ್ಟು ದಿನ ಅಂತ ಗೋಡೆ ಹಿಡ್ಕೊಂಡು ನಡೀಲಿ? ಅಷ್ಟು ಮರ ಇದೆಯಲ್ಲ, ಒಂದು ಊರುಗೋಲು ಮಾಡಿಕೊಡಿ."

ಕಾಂಪೌಂಡರಿಗೆ ಹೋದ ಜೀವ ಬಂದಂತಾಯಿತು. ಹಿತ್ತಿಲಲ್ಲಿ ಕೂತು ಇಡೀ ರಾಶಿ ಹರಡಿದರು. ಒಂದೊಂದನ್ನೂ ತಟ್ಟಿದರು, ಕೊಯ್ದರು. ಉದ್ದವಿದ್ದದ್ದರಲ್ಲಿ ಪುಡಿ ಸುರಿಯಿತು. ಗಟ್ಟಿಯಿದ್ದದ್ದು ಗೇಣುದ್ದವೂ ಇರಲಿಲ್ಲ. ಸಂಜೆಯವರೆಗೆ ಹುಡುಕಿದರೂ ಒಬ್ಬ ಮುದುಕಿಯ ಭಾರ ಹೊರುವಂಥ ಒಂದು ಕೋಲು ಆ ರಾಶಿಯಲ್ಲಿ ಸಿಗಲಿಲ್ಲ. ಕೊನೆಗೆ ಮೈ ಕೊಡವಿಕೊಂಡು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋದರು.

"ಏನು ಕಾಂಪೌಂಡರೇ, ಮನೆಯಲ್ಲಿ ಮರದ ಕಾರ್ಖಾನೇನೇ ಇಟ್ಟಿದ್ದೀರಂತೆ, ನಮ್ಮ ಹತ್ರ ಅಲ್ಯೂಮಿನಿಯಂ ಕೋಲು ಕೇಳ್ತೀರಲ್ಲ?" ಎಂದ ಅಂಗಡಿಯವನು.

"ಕೊಡಪ್ಪ," ಎಂದರು ಕಾಂಪೌಂಡರು.

ಹೊಸ ಕೋಲನ್ನು ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ನೆಲಕ್ಕೂರುವ ಬದಲು ಕಿವಿಗಿಟ್ಟುಕೊಂಡರು. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನು ಅಳಿಯನ ಕಡೆ ಚಾಚಿದರು.

"ನೀವೂ ಕೇಳಿ."

ಕಾಂಪೌಂಡರು ಮಂಚದ ಪಕ್ಕ ಮೊಣಕಾಲೂರಿ ಕೋಲಿಗೆ ಕಿವಿಗೊಟ್ಟರು. ಹಾಲ್‌ನ ಆ ತುದಿಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ಏನೂ ಕೇಳಿಸ್ತಿಲ್ಲ ಅತ್ತೆ," ಎಂದರು ಕಾಂಪೌಂಡರು. ದೇವರಾಣೆಗೂ ನಿಜವಾಗಿತ್ತು ಆ ಮಾತು.

ಅತ್ತೆ ತಲೆಯಾಡಿಸಿ, ಕೋಲನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡು ಮಗಳ ಕಡೆ ನೀಡಿದರು.

"ನೀನೂ ಒಂದ್ಸಲ ಕೇಳಿ ನೋಡಮ್ಮ," ಎಂದರು. "ಇವರೊಬ್ಬರ ಮಾತು ಸಾಲದು."